ಗಾಜಿನಾಚೆಯ ಊಟ

ಗಾಜಿನ ಆಚೆ ಕುಳಿತು ಬ್ರೆಡ್ಡು ಕತ್ತರಿಸುತ್ತಿದ್ದವನು ಅವಳ ಗಂಡನೇ.

ಅವಳು ಕಣ್ಣುಜ್ಜಿ ಮತ್ತೊಮ್ಮೆ ನೋಡಿದಳು. ಹುಬ್ಬಿನ ಮೇಲಿನ ಗಾಯದ ಗುರುತು ಅದೇ. ಚಾಕು ಹಿಡಿದ ಎಡಗೈಯೂ ಅದೇ. ಕೋಟು ಮಾತ್ರ ಅವನದಲ್ಲ. ಅಂಥ ಕೋಟು ಅವರ ಬೀದಿಯಲ್ಲಿ ಯಾರ ಮೈಮೇಲೂ ಇರಲಿಲ್ಲ. ಎದುರಿಗೆ ತುಟಿಗೆ ಬಣ್ಣ ಹಚ್ಚಿದ ಹೆಂಗಸು. ಪಕ್ಕದಲ್ಲಿ ಆರೇಳು ವರ್ಷದ ಹುಡುಗಿ. ಮೂವರೂ ನಗುತ್ತಿದ್ದರು.

"ಅಕ್ಕಾ, ಇವರು ಈಗ ಮಿಲ್ಲಿನಲ್ಲಿ ಇರಬೇಕಲ್ವಾ?"

ಹಬ್ಬದ ಆರ್ಡರು ಜಾಸ್ತಿ, ದಿನಕ್ಕೆ ಎರಡು ಪಾಳಿ ಎಂದು ಅವನು ಒಂದು ತಿಂಗಳಿಂದ ಹೇಳುತ್ತಿದ್ದ. ಹಬ್ಬದ ವಾರದಲ್ಲೂ ಒಬ್ಬಳೇ ಮುಖ ಬಾಡಿಸಿಕೊಂಡು ಕೂತಿದ್ದ ತಂಗಿಯನ್ನು ಅಕ್ಕ ಬಸ್ಸು ಹತ್ತಿಸಿ ನಗರಕ್ಕೆ ಕರೆತಂದಿದ್ದಳು. ಇಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವವರು. ಚಳಿಗೆ ಬಿರಿದ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ದೀಪದ ಸಾಲು ನೋಡುತ್ತಾ ಬಂದಿದ್ದರು. ಬಸ್ಸಿಳಿದ ಮೇಲೆ ಅವಳು ಎರಡು ಸಲ ನಕ್ಕಿದ್ದಳು ಕೂಡ.

ಅಕ್ಕ ಗಾಜಿಗೆ ಮೂಗು ತಾಗಿಸಿದಳು. "ನಿನ್ನ ಗಂಡನೇ ಕಣೇ! ಎರಡು ಪಾಳಿ ಅಂದ್ರೆ ಇದೇನಾ? ಅಲ್ಲೊಂದು ಪಾಳಿ, ಇಲ್ಲೊಂದು ಪಾಳಿ?"

ಸುತ್ತ ಮೂವತ್ತು ನಲವತ್ತು ಜನ ನಿಂತಿದ್ದರು. ಕೆಲವರು ಫೋಟೋ ತೆಗೆಯುತ್ತಿದ್ದರು.

"ಥೂ, ಉಣ್ಣೋರ ಬಾಯಿ ನೋಡ್ಕೊಂಡು ನಿಂತಿದ್ದಾವಲ್ಲೇ ಇವು. ಇವಕ್ಕೆ ಮಾನ ಮರ್ಯಾದೆ ಬೇಡ್ವಾ?"

ಅವಳಿಗೆ ಅಕ್ಕನ ಮಾತು ಕೇಳಿಸಲಿಲ್ಲ. ಒಳಗೆ ಹುಡುಗಿ ಕೆಂಪು ರಿಬ್ಬನ್ನಿನ ಡಬ್ಬಿ ಬಿಚ್ಚಿದಳು, ಚಪ್ಪಾಳೆ ತಟ್ಟಿದಳು, ಅವನ ಕೊರಳಿಗೆ ಜೋತುಬಿದ್ದಳು. ಅವನು ಅವಳ ತಲೆ ಸವರಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಡಬ್ಬಿ. ಮತ್ತೆ ಚಪ್ಪಾಳೆ. ಮದುವೆಯಾಗಿ ಎಂಟು ವರ್ಷ. ತನಗೆ ಮಗುವಾಗಲಿಲ್ಲವೆಂದು ಅವನು ಒಮ್ಮೆಯೂ ಕೊಂಕು ಮಾತಾಡಿರಲಿಲ್ಲ. ಯಾಕೆಂದು ಈಗ ತಿಳಿಯಿತು. ಇಷ್ಟು ಹೊತ್ತು ಉಂಡರೂ ಮೇಜಿನ ಬಿಳಿ ಬಟ್ಟೆಯ ಮೇಲೆ ಒಂದು ಕಲೆ ಬಿದ್ದಿರಲಿಲ್ಲ. ದುಡ್ಡಿದ್ದವರ ಊಟವೇ ಹೀಗೇನೋ ಎಂದುಕೊಂಡಳು.

ಆಗ ಅವನು ತಲೆಯೆತ್ತಿದ. ಅವಳನ್ನು ಕಂಡ. ಕೈಯಲ್ಲಿದ್ದ ಚಾಕು ನಿಂತಿತು. ನಗು ಮಾತ್ರ ಕದಲಲಿಲ್ಲ.

ಆ ನಗು ಅವಳನ್ನು ಒಳಗೆ ನುಗ್ಗಿಸಿತು.

ಬಾಗಿಲಾಚೆ ಎಲ್ಲಿ ನೋಡಿದರೂ ಮೇಜು, ಕುರ್ಚಿ, ಮಂಚ. ಅವುಗಳ ಮೇಲೆ ಕುಳಿತವರು ಯಾರೂ ಇರಲಿಲ್ಲ. ಕಾವಲಿನವನು ಓಡಿಬಂದ. "ಅಮ್ಮಾ, ಆ ಕಡೆ ಹೋಗೋ ಹಾಗಿಲ್ಲ!"

"ಅಲ್ಲಿ ಕೂತಿರೋದು ನನ್ನ ಗಂಡ. ನಾನು ಹೋಗದೆ ಇನ್ಯಾರು ಹೋಗಬೇಕು?"

ಹಲಗೆಯ ಕಿರುಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋದವಳು ಅವನ ಕೆನ್ನೆಗೆ ಫಟಾರನೆ ಬಾರಿಸಿದಳು. ಮೇಜಿನ ಬಟ್ಟೆ ಹಿಡಿದು ಎಳೆದಳು. ಬ್ರೆಡ್ಡು ನೆಲಕ್ಕೆ ಬಿದ್ದು ಇಟ್ಟಿಗೆಯಂತೆ ಸದ್ದು ಮಾಡಿತು.

ಅವಳು ಬಗ್ಗಿ ನೋಡಿದಳು. ಸುಣ್ಣದ ಹಿಟ್ಟಿನ ಮುದ್ದೆಗೆ ಬಣ್ಣ ಬಳಿದಿದ್ದರು.

ಅವನ ಬೆನ್ನು ಕಂಡದ್ದೂ ಆಗಲೇ. ಗಾಜಿನ ಕಡೆಗೆ ಮಾತ್ರ ಅದು ಕೋಟು. ಹಿಂಬದಿ ಉದ್ದಕ್ಕೂ ಬಾಯಿಬಿಟ್ಟುಕೊಂಡಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಬಿಗಿದಿದ್ದರು. ಸಂದಿನಲ್ಲಿ ಅವಳೇ ಹೆಣೆದುಕೊಟ್ಟ ಸ್ವೆಟರು. ಕಾಲರಿನಿಂದ ಅಂಗಡಿಯ ಬೆಲೆಚೀಟಿ ನೇತಾಡುತ್ತಿತ್ತು. ಅವನು ಕೂತಿದ್ದ ಕುರ್ಚಿಗೂ ಅಂಥದೇ ಒಂದು.

"ಯಾರ್ರೀ ಇವರು? ಇದನ್ನ ನಮಗೆ ಹೇಳಿಕೊಟ್ಟೇ ಇಲ್ವಲ್ಲ," ಎಂದಳು ತುಟಿಗೆ ಬಣ್ಣ ಹಚ್ಚಿದವಳು, ಗಾಬರಿಯಿಂದ.

"ಅಂಕಲ್, ಇನ್ನೂ ನಗ್ತಾ ಇರಬೇಕಾ?" ಎಂದಿತು ಮಗು.

ಅವನು ತುಟಿ ಅಲುಗಿಸದಂತೆ ಮಾತಾಡಿದ. "ಮಿಲ್ಲಿನಿಂದ ತೆಗೆದು ತಿಂಗಳಾಯ್ತು ಕಣೇ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಈಗ ಹೊರಟುಹೋಗು. ಅಂಗಡಿಗೆ ಜನ ಸೇರಿಸೋಕೆ ಇಲ್ಲಿ ಕೂತು ನಗೋ ಈ ಕೆಲಸವೂ ಹೋದ್ರೆ ನಮಗೆ ಬೇರೆ ಗತಿ ಇಲ್ಲ."

ಹೊಡೆದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಅವಳು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಗಾಜಿನಾಚೆ ಎಲ್ಲರ ಕಣ್ಣೂ ತನ್ನ ಮೇಲೆ. ನಡುವೆ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟರಲ್ಲಿ ಅಂಗಡಿಯ ಮ್ಯಾನೇಜರು ಬಂದ. ಅವಳು ಕೈಮುಗಿದಳು.

"ಸಾರ್, ತಪ್ಪು ನನ್ನದು. ನನಗೆ ಗೊತ್ತಿರಲಿಲ್ಲ. ಅವರನ್ನ ತೆಗೀಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

ಮ್ಯಾನೇಜರು ಅವಳನ್ನು ನೋಡಲಿಲ್ಲ. ಹೊರಗೆ ಜನ ಫುಟ್‌ಪಾತು ಮೀರಿ ರಸ್ತೆಗೆ ತುಂಬಿದ್ದರು. ಚಪ್ಪಾಳೆ ಹೊಡೆಯುತ್ತಿದ್ದರು. ಯಾರೋ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗುತ್ತಿದ್ದರು. ಮ್ಯಾನೇಜರು ಅಷ್ಟನ್ನೂ ಕಣ್ತುಂಬ ನೋಡಿ ಅವಳ ಕಡೆ ತಿರುಗಿದ.

"ಹಬ್ಬ ಮುಗಿಯೋವರೆಗೂ ದಿನಾ ಬಾಮ್ಮ. ಇಷ್ಟೇ ಜೋರಾಗಿ ಬಾರಿಸು. ಎಡಗೆನ್ನೆಗಿರಲಿ, ಬೆಳಕು ಆ ಕಡೆ ಚೆನ್ನಾಗಿ ಬೀಳುತ್ತೆ."

ಗಂಡನ ಮುಖದಲ್ಲಿ ಅಷ್ಟು ಹೊತ್ತು ನಿಂತಿದ್ದ ನಗು ಈಗ ಇಳಿಯಿತು.

ತಲೆ ಎತ್ತದೆ ಅವಳು ಕೇಳಿದಳು: "ಎಷ್ಟು ಹೊತ್ತಿಗೆ ಬರಲಿ, ಸಾರ್?"