ಗುಂಪಿನ ಅಂಚಿನ ಗೆರೆ

"ಹೋದ ವರ್ಷ ನನ್ನ ಕೈಯಲ್ಲೇ ಫೇಲಾದವರಲ್ವಾ ನೀವು?" ಎನ್ನುತ್ತಾ ಪರೀಕ್ಷಕ ಮಲ್ಲಿಕಾರ್ಜುನಸ್ವಾಮಿ ಚಾರ್ಟನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

"ಹೂಂ ಸರ್," ಎಂದಳು ಶಿವಲಕ್ಷ್ಮಿ. ಇಲ್ಲ ಎಂದರೆ ನಂಬುವ ಮುಖವಲ್ಲ ಅದು.

ಚಾಮರಾಜನಗರದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರದ ಕೊನೆಯ ಮೌಖಿಕ ಪರೀಕ್ಷೆ. ಅವಳ ಮುಂದಿದ್ದದ್ದು ಎನ್ಎಂಆರ್ ಚಾರ್ಟು. ಯಾವುದೋ ಒಂದು ವಸ್ತುವನ್ನು ಭಾರಿ ಅಯಸ್ಕಾಂತದೊಳಗೆ ಕೂರಿಸಿ, ಅದರ ಹೈಡ್ರೋಜನ್‌ಗಳಿಂದ ಬಾಯಿ ಬಿಡಿಸಿದ ಹೇಳಿಕೆ ಅದು. ತಾನು ಎಂಥ ಜಾಗದಲ್ಲಿದ್ದೇನೆ, ತನ್ನ ನೆರೆಯವರು ಯಾರು ಎಂದು ಒಂದೊಂದು ಹೈಡ್ರೋಜನ್ನೂ ಗೆರೆಗಳಲ್ಲಿ ಹೇಳಿರುತ್ತದೆ. ಅದನ್ನು ಓದಿ ವಸ್ತುವಿನ ಹೆಸರು ಹೇಳಿದರೆ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಅವಳಿಗಾಗಿ ಕಾದಿತ್ತು. ಹೇಳದಿದ್ದರೆ ಹರವೆಯ ಬಸ್ಸು ಹತ್ತಿ ಮನೆಗೆ ಹೋಗುವುದು. ಕಳೆದ ಸಲ ಪುಸ್ತಕದ ಕೋಷ್ಟಕಗಳನ್ನೆಲ್ಲ ಗಿಣಿಪಾಠ ಮಾಡಿಕೊಂಡು ಬಂದಿದ್ದಳು. ಗಿಣಿಗೆ ಹೊಸ ಪ್ರಶ್ನೆ ಕೇಳಿದರೆ ಏನಾಗುತ್ತದೋ ಅದೇ ಆಗಿತ್ತು.

ಈ ಸಲ ಅವಳು ಬಾಯಿ ತೆರೆಯುವ ಮೊದಲು ಸ್ಕೇಲು ತೆಗೆದಳು. ಬಲಗಡೆ ಮೂರಾಗಿ ಸೀಳಿದ ಗೆರೆ, ನಡುವೆ ನಾಲ್ಕಾಗಿ ಸೀಳಿದ ಗೆರೆ. ಸೀಳುಗಳ ನಡುವಿನ ಅಂತರ ಅಲ್ಲೂ ಏಳು, ಇಲ್ಲೂ ಏಳು. "ಇವೆರಡೂ ಜೋಡಿ ಸರ್, ಈಥೈಲ್ ಗುಂಪು. ಆಮ್ಲಜನಕಕ್ಕೆ ಅಂಟಿಕೊಂಡಿದೆ," ಎಂದಳು. ಎಡಗಡೆ ಬೆಂಜೀನ್ ಉಂಗುರದವರ ಜಾಗದಲ್ಲಿ ಒಂದು ದಟ್ಟ ಗುಂಪು. ಅದರಿಂದ ದೂರದಲ್ಲಿ ಎರಡಾಗಿ ಸೀಳಿದ ಗೆರೆಯೊಂದು ಒಂಟಿಯಾಗಿ ನಿಂತಿತ್ತು. ಅವಳು ಅದರ ಸೀಳನ್ನು ಅಳೆದಳು. ಆಮೇಲೆ ಗುಂಪಿನ ಅಂಚಿನಲ್ಲಿದ್ದ ಇನ್ನೊಂದು ಗೆರೆಯ ಸೀಳನ್ನು ಅಳೆದಳು. "ಈ ಅಂಚಿನೋನು ಉಂಗುರದವನಲ್ಲ ಸರ್. ದೂರದಲ್ಲಿರೋ ಆ ಒಂಟಿಯ ಜೊತೆಗಾರ."

"ಉಂಗುರದವರ ಮಧ್ಯೆ ನಿಂತಿದ್ದಾನೆ, ಉಂಗುರದವನಲ್ಲ ಅಂತೀರಲ್ರೀ!" ಮಲ್ಲಿಕಾರ್ಜುನಸ್ವಾಮಿ ಕನ್ನಡಕ ಸರಿಮಾಡಿಕೊಂಡರು. "ಹೋದ ವರ್ಷವೂ ಹಿಂಗೇ ಏನೋ ಹೇಳಿದ್ರಿ. ತಿದ್ದಿಕೊಳ್ಳೋದಿದ್ದರೆ ಈಗಲೇ ತಿದ್ದಿಕೊಳ್ಳಿ."

ಶಿವಲಕ್ಷ್ಮಿಗೆ ಹೆದರಿಕೆಯಾದದ್ದು ನಿಜ. ಪರೀಕ್ಷಕರೇ ತಿದ್ದಿಕೋ ಎಂದ ಮೇಲೆ ತಿದ್ದಿಕೊಳ್ಳುವುದೇ ಜಾಣತನ ಎಂದು ಯಾರಾದರೂ ಹೇಳಿಯಾರು. ಅವಳು ಮತ್ತೊಮ್ಮೆ ಅಳೆದಳು. ಅಂತರ ಒಂದಿಷ್ಟೂ ಬದಲಾಗಲಿಲ್ಲ. ತಲೆ ಎತ್ತಿದಾಗ ಪುಸ್ತಕದ ಭಾಷೆ ಎಲ್ಲಿ ಹೋಯಿತೋ, ಅವಳಿಗೇ ಗೊತ್ತಾಗಲಿಲ್ಲ.

"ತಿದ್ದಾಕಿಲ್ಲ ಸರ್. ನಮ್ಮೂರಲ್ಲಿ ಅರಿಶಿನ ಕೀಳಾಕೆ ಮುಯ್ಯಾಳು ಓಯ್ತೀವಿ. ನಾವು ಅವ್ರ ಒಲದಲ್ಲಿ ಎಷ್ಟು ದಿನ ಗೇದ್ವೋ, ಅವ್ರು ನಮ್ಮ ಒಲಕ್ ಬಂದು ಅಷ್ಟೇ ದಿನ ಗೇಯ್ಬೇಕು. ಬದು ಪಕ್ಕದ ಕನಕರಾಜು ಒಂದಿನಾನೂ ಬರಾಕಿಲ್ಲ. ಊರಾಚೆಯಿಂದ ಸಣ್ಣಮ್ಮ ಬತ್ತಾಳೆ. ಯಾರ್ ಜೊತೆ ನಂಟು ಅಂತ ಕೇಳುದ್ರೆ ಬದು ನೋಡ್ಬಾರ್ದು ಸರ್, ಮುಯ್ಯಿ ನೋಡ್ಬೇಕು. ಈ ಒಂಟಿಯ ಸೀಳು ಅದಿನಾರು. ಗುಂಪಲ್ಲಿ ಇನ್ಯಾರದ್ದೂ ಅದಿನಾರಿಲ್ಲ, ಈ ಅಂಚಿನೋನ್ದು ಮಾತ್ರ ಅದಿನಾರು. ಇವ್ನು ಕೊಟ್ಟಿದ್ದನ್ನೇ ಅವ್ನು ತೀರಿಸವ್ನೆ!"

ಮಲ್ಲಿಕಾರ್ಜುನಸ್ವಾಮಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಜೋಡಿ ಅಂತಲೇ ಇಟ್ಕೊಳ್ಳಿ. ಅದರಿಂದೇನು?"

"ಇಬ್ರೂ ಡಬಲ್ ಬಾಂಡಿನ ಎರಡು ತುದೀಲವ್ರೆ ಸರ್. ಒಂದೇ ಮಗ್ಗುಲಲ್ಲಿದ್ದಿದ್ರೆ ಹತ್ತು ಹನ್ನೆರಡರ ಹತ್ರ ಇರ್ತಿತ್ತು. ಹದಿನಾರು ಅಂದ್ಮೇಲೆ ಒಬ್ಬ ಆ ಕಡೆ, ಒಬ್ಬ ಈ ಕಡೆ. ಅಂಚಿನೋನನ್ನ ಆಚೆಗೆ ತೆಗೆದ್ರೆ ಗುಂಪಲ್ಲಿ ಐದೇ ಹೈಡ್ರೋಜನ್ ಉಳೀತವೆ. ಒಂದು ಕೊಂಡಿ ಬೇರೆ ಕಡೆಗೆ ಕೊಟ್ಟ ಉಂಗುರದಲ್ಲಿ ಐದೇ ತಾನೇ ಇರ್ಬೇಕು?" ಬೆರಳು ಚಾರ್ಟಿನ ಉದ್ದಕ್ಕೂ ಓಡಿತು. ಉಂಗುರ, ಡಬಲ್ ಬಾಂಡು, ಈಥೈಲ್. ಚಾರ್ಟಿನ ಮೂಲೆಯಲ್ಲಿ ಬರೆದಿದ್ದ ಅಣುಸೂತ್ರದಲ್ಲಿ ಇನ್ನು ಒಂದು ಇಂಗಾಲ, ಎರಡು ಆಮ್ಲಜನಕ ಮಾತ್ರ ಉಳಿದವು. ಅವುಗಳಿಗೂ ಜಾಗ ಸಿಕ್ಕಿತು. ಒಂದು ಗೆರೆಯೂ ಅನಾಥವಾಗಿ ಉಳಿಯಲಿಲ್ಲ. ಮೈಯೆಲ್ಲ ಜುಮ್ಮೆಂದಿತು ಅವಳಿಗೆ. ಇಂಥ ಸಂತೋಷ ಪಾಸಾಗುವುದರಿಂದ ಬರುವಂಥದ್ದಲ್ಲ. "ಈಥೈಲ್ ಸಿನ್ನಮೇಟ್!" ಎಂದಳು. ಅಷ್ಟು ಜೋರಾಗಿ ಆ ಕೋಣೆಯಲ್ಲಿ ಯಾರೂ ಮಾತಾಡಿರಲಿಲ್ಲ.

ಮಲ್ಲಿಕಾರ್ಜುನಸ್ವಾಮಿಯವರ ಗಂಟುಮುಖ ನಿಧಾನವಾಗಿ ಸಡಿಲವಾಯಿತು. "ಬೇಕಂತಲೇ ಹೆದರಿಸಿದೆ ಕಣಮ್ಮ. ಬೆಳಗಿನಿಂದ ತಿದ್ದಿಕೊಳ್ಳಿ ಅಂದ ಕೂಡಲೇ ಎಲ್ಲರೂ ತಿದ್ದಿಕೊಂಡರು." ಅವರು ಡ್ರಾಯರಿನಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಮುಚ್ಚಳ ತಿರುಗಿಸಿದರು. ಚಕ್ಕೆಯೂ ಹಣ್ಣೂ ಬೆರೆತಂಥ ಸಿಹಿ ವಾಸನೆ ಕೋಣೆಯನ್ನೆಲ್ಲ ತುಂಬಿತು. "ತಗೊಳ್ಳಿ, ಮೂಸಿ ನೋಡಿ. ನೀವು ಹೇಳಿದ ವಸ್ತು ಇದೇ."

ಶಿವಲಕ್ಷ್ಮಿ ಬಾಟಲಿಯನ್ನು ಮೂಗಿನ ಹತ್ತಿರಕ್ಕೂ ತರಲಿಲ್ಲ. ಅವರ ಕೈಯಿಂದ ಮುಚ್ಚಳ ಇಸಿದುಕೊಂಡು ಬಿಗಿಯಾಗಿ ತಿರುಗಿಸಿದಳು.

"ಮುಂದಿನ ಸರದಿ ಭಾನೂದು, ಬಾಗಿಲಾಚೆನೇ ನಿಂತವ್ಳೆ ಸರ್. ಚಾರ್ಟು ನೋಡ್ದೆ ವಾಸ್ನೆ ಹಿಡಿದೇ ಹೆಸರು ಹೇಳ್ಬುಟ್ಟಾಳು."