ಬಾಯಿ ತುಂಬ ಕರೆಯುವ ಹೆಸರು

ನಾಗಲಿಂಗಮ್ಮನ ಸೊಸೆ ಅಮೃತಾ ಮತ್ತೆ ಫೋನು ಹಿಡಿದು ಕೂತಿದ್ದಳು. ಹರಪನಹಳ್ಳಿಯಿಂದ ಬಂದ ಮಗಳು ಶೈಲಾ ಅವಳ ಹೆಗಲಿಗೆ ಗದ್ದ ಊರಿದ್ದಳು. ಇಬ್ಬರೂ ಕಿಸಿಕಿಸಿ ನಗುತ್ತಿದ್ದರು. ನಾಗಲಿಂಗಮ್ಮ ಪಡಸಾಲೆಗೆ ಕಾಲಿಟ್ಟ ಕೂಡಲೇ ನಗು ನಿಂತಿತು. ಇದೇನೋ ಸಂಚು ಎಂದು ಮುದುಕಿಗೆ ಖಾತ್ರಿಯಾಯಿತು.

ಕೊಟ್ಟೂರಿನ ಆ ಮನೆಯಲ್ಲಿ ಮರುದಿನ ತೊಟ್ಟಿಲು. ಮಗ ಸೋಮಶೇಖರನಿಗೆ ಮದುವೆಯಾದ ಆರು ವರ್ಷಕ್ಕೆ ಹುಟ್ಟಿದ ಹೆಣ್ಣು ಕೂಸು. ಅದಕ್ಕೆ ತನ್ನ ಹೆಸರೇ ಇಡಬೇಕೆಂದು ನಾಗಲಿಂಗಮ್ಮ ಜೀವ ಹಿಡಿದುಕೊಂಡಿದ್ದಳು. ಬದುಕಿರುವವರ ಹೆಸರು ಇಡುತ್ತಾರೇನು ಎಂದು ನೆರೆಮನೆಯ ಪಕ್ಕೀರಮ್ಮ ಕೇಳಿದ್ದಕ್ಕೆ, "ಸತ್ತ ಮ್ಯಾಲೆ ಇಟ್ರ ನನಗ ಹೆಂಗ ಕೇಳಸ್ತೈತಿ?" ಎಂದು ಬಾಯಿ ಮುಚ್ಚಿಸಿದ್ದಳು.

ಮುದುಕಿಯ ಸಂಕಟ ಸುಳ್ಳಲ್ಲ. ಗಂಡ ಇದ್ದಷ್ಟು ದಿನ "ಏ ಇಕೀ" ಎಂದೇ ಕರೆದ. ಮಕ್ಕಳಿಗೆ ಅವ್ವ, ಓಣಿಗೆಲ್ಲ ಸೋಮಣ್ಣನ ಅವ್ವ. ಅಷ್ಟು ಚಂದದ ಹೆಸರು ರೇಷನ್ ಕಾರ್ಡಿನಲ್ಲಿ ಸುಮ್ಮನೆ ಕೊಳೆಯುತ್ತಿತ್ತು. ಒಂದು ಸಲವಾದರೂ ಅದು ಈ ಮನೆಯಲ್ಲಿ ಗಟ್ಟಿಯಾಗಿ ಕೇಳಬೇಕು ಎಂಬುದೊಂದೇ ಅವಳ ಹಂಬಲ.

ಸೊಸೆಯೋ ದೇಶದೇಶದ ಹೆಸರು ಓದುತ್ತಿದ್ದಳು. ಜಪಾನಿನಲ್ಲಿ ಯೂಕಿ ಎಂದರೆ ಹಿಮವಂತೆ. ಕೊಟ್ಟೂರಿನ ಬಿಸಿಲಿಗೆ ಮಧ್ಯಾಹ್ನದೊಳಗೆ ಕರಗುತ್ತದೆ ಎಂದಳು ಅತ್ತೆ. ಯಹೂದಿಗಳಲ್ಲಿ ಲಿಯಾ ಎಂದರೆ ದಣಿದವಳಂತೆ. ಹುಟ್ಟಿ ಮೂರು ತಿಂಗಳಿಲ್ಲ, ಈಗಲೇ ಯಾಕೆ ದಣಿಯಬೇಕು? ಕಿಯಾರಾ ಎಂದರೆ ಐರ್ಲೆಂಡಿನವರಿಗೆ ಕಪ್ಪು, ಇಟಲಿಯವರಿಗೆ ಬೆಳಕು ಎಂದಾಗ ಮುದುಕಿಗೆ ತಡೆಯಲಾಗಲಿಲ್ಲ.

"ಅದು ಹೆಸರಲ್ಲ, ನಮ್ಮ ಓಣಿ ಕರೆಂಟು."

ಅಮೃತಾ ಆರು ವರ್ಷದಲ್ಲಿ ಒಮ್ಮೆಯೂ ಎದುರಾಡಿದವಳಲ್ಲ. ರೊಟ್ಟಿ ದಪ್ಪವಾಯಿತು ಎಂದರೆ ತೆಳ್ಳಗೆ ಬಡಿಯುವಳು, ತೆಳ್ಳಗಾಯಿತು ಎಂದರೆ ದಪ್ಪಗೆ. ಅತ್ತೆಯ ಹೆಸರು ಬಾಯಲ್ಲಿ ಬರಬಾರದೆಂದು ನಾಗರಪಂಚಮಿಯನ್ನೂ ಹುತ್ತದ ಹಬ್ಬ ಎನ್ನುವಳು. ಮೂಕಬಸವನಂಥ ಇವಳನ್ನು ನಂಬುವುದು ಹೇಗೆ ಎಂಬುದೇ ನಾಗಲಿಂಗಮ್ಮನ ಚಿಂತೆ.

ಆದರೆ ಹೆಸರಿಡುವ ಹಕ್ಕು ಸೋದರತ್ತೆಯದು. ನಾಗಲಿಂಗಮ್ಮ ಮಗಳನ್ನು ಹಿತ್ತಲಿಗೆ ಎಳೆದೊಯ್ದು, ಯಾರು ಏನೇ ಅಂದರೂ ಕೂಸಿನ ಕಿವಿಯಲ್ಲಿ ನನ್ನ ಹೆಸರೇ ಊದು ಎಂದು ಆಣೆ ಮಾಡಿಸಿಕೊಂಡಳು. ಶೈಲಾ ಸೆರಗು ಬಾಯಿಗೆ ತುರುಕಿಕೊಂಡಳು. ತಾಯಿಯ ಮೇಲಿನ ಪ್ರೀತಿಗೆ ಅಳು ಬಂದಿರಬೇಕು ಎಂದುಕೊಂಡಳು ಮುದುಕಿ.

ಮರುದಿನ ಓಣಿಯ ಹೆಂಗಸರೆಲ್ಲ ನೆರೆದರು. ಶೈಲಾ ತೊಟ್ಟಿಲಿಗೆ ಬಗ್ಗಿದಳು. ಪದ್ಧತಿಯಂತೆ ಸೋದರತ್ತೆಯ ಬೆನ್ನಿಗೆ ಗುದ್ದಲು ಹೆಂಗಸರು ಮುಷ್ಟಿ ಎತ್ತಿದರು. ಆಗ ಅಮೃತಾ ತಡೆದಳು. ಇದೇ ಆ ಸಂಚು ಎಂದು ನಾಗಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತೀ, ನಿಮ್ಮ ಹೆಸರ ಇಡೂಣು ಅಂತ ನನಗೂ ಆಸೆ ಐತ್ರಿ. ಆದ್ರ ಅತ್ತಿ ಹೆಸರು ಸೊಸಿ ಬಾಯಾಗ ಬರಬಾರದು. ಮಗಳನ್ನ ಹೆಂಗ ಕರೀಲಿ?"

ಮುದುಕಿಯ ಕಣ್ಣು ತುಂಬಿ ಬಂತು. ಇಂಥ ಬಂಗಾರದಂಥ ಸೊಸೆಯನ್ನು ಇಷ್ಟು ದಿನ ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು.

"ಬಾಯಿ ತುಂಬ ಕರಿಯವ್ವ. ಹಗಲೆಲ್ಲ ಕರಿ. ನಾನ ಹೇಳಾಕತ್ತೀನಿ, ಇವರೆಲ್ಲ ಸಾಕ್ಷಿ."

"ಸಿಟ್ಟಿಲೆ ಕರದ್ರೂ ನಡೀತೈತ್ರಿ?"

"ಕೂಸಿನ ಮ್ಯಾಲೆ ಸಿಟ್ಟು ಬರದ ಇರ್ತೈತೇನು? ಹೆಂಗರ ಕರಿ."

ಗುದ್ದುಗಳು ಬಿದ್ದವು. ಕೂಸಿಗೆ ಅಜ್ಜಿಯ ಹೆಸರೇ ಆಯಿತು. ಶೈಲಾ ಈಗಲೂ ಸೆರಗು ಕಚ್ಚಿಕೊಂಡೇ ಇದ್ದಳು.

ಮೂರನೆಯ ದಿನ ಬೆಳಿಗ್ಗೆ ನಾಗಲಿಂಗಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂತು ಎಂದಿನಂತೆ ಮನೆ ನಡೆಸುತ್ತಿದ್ದಳು. ಚಹಾ ತಣ್ಣಗಾಗಿದೆ, ಪಲ್ಯಕ್ಕೆ ಉಪ್ಪು ಮುಂದು, ಅಂಗಳಕ್ಕೆ ನೀರು ಸಾಲದು, ರೊಟ್ಟಿ ಮತ್ತೆ ದಪ್ಪ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಫಕ್ಕನೆ ನಿಂತಿತು.

"ಏ ನಾಗಲಿಂಗೀ! ಎದ್ದಾಗಿಂದ ಎಷ್ಟು ಬಾಯಿ ಮಾಡ್ತೀಯೇ? ಹೊಟ್ಟಿ ತುಂಬೇತಿ, ಬೆಚ್ಚಗ ಹಾಸಿ ಕೊಟ್ಟೀನಿ, ಸುಮ್ಮನ ಬಿದ್ದಿರಾಕ ಏನು ಧಾಡಿ ನಿನಗ?"

ಹೆಸರು ಬೀದಿಯವರೆಗೆ ಕೇಳಿತು. ಪಕ್ಕೀರಮ್ಮ ಕೂಡ ಕಟ್ಟೆಯ ಮೇಲಿಂದ ಇಣುಕಿದಳು. ನಾಗಲಿಂಗಮ್ಮನ ಮುಖ ಹಿಗ್ಗಿನಿಂದ ಅರಳಿತು. ತಾಯಿ ಹೀಗೆ ಗದರಿದರೆ ಪಾಪ, ಕೂಸು ಬೆದರೀತು ಎಂದು ಸಮಾಧಾನ ಮಾಡಲು ಕೆಳಗೆ ನೋಡಿದಳು.

ಕೂಸು ಅವಳ ತೊಡೆಯ ಮೇಲೆ, ಆಗಲೇ ಒಂದು ತಾಸಿನಿಂದ, ಗಾಢ ನಿದ್ದೆಯಲ್ಲಿತ್ತು.