ನಡೀತದೆ

ವಿಮೆಯವರು ಕಳಿಸಿದ ಹೆಂಗಸು ಬೆಲ್ ಒತ್ತುವಷ್ಟರಲ್ಲಿ ಹಿಲ್ಟ್ರುಡ್‌ಳ ವಾಕರ್ ಬಾಲ್ಕನಿ ಸೇರಿತ್ತು. ಮಲಗುವ ಕೋಣೆಯ ಕಮೋಡ್ ಕುರ್ಚಿಯ ಮೇಲೆ ಹೂವಿನ ಹೊದಿಕೆ ಬಿದ್ದಿತ್ತು. ಎಂಬತ್ತಾರರ ಮುದುಕಿ ಮುತ್ತಿನ ಸರ ಹಾಕಿಕೊಂಡು, ಕೂದಲು ಬಾಚಿಸಿಕೊಂಡು ಅಡುಗೆಮನೆಯ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಳು. ಇದನ್ನೆಲ್ಲ ಮಾಡಿದ್ದು ಮಗಳು ರೋಸ್ವಿಟಾ. ಬೇಡಮ್ಮಾ, ಇದ್ದ ಹಾಗೇ ಇರೋಣ ಎಂದು ಗೋಗರೆಯುತ್ತಲೇ ಮಾಡಿದ್ದಳು. ಹೊರಗಿನವರ ಎದುರು ಕೈಲಾಗದವಳ ಹಾಗೆ ಕೂರುವಷ್ಟು ಗತಿಗೆಟ್ಟಿಲ್ಲ ಎಂದು ತಾಯಿ ಹಟ ಹಿಡಿದಿದ್ದಳು.

ರೋಸ್ವಿಟಾಗೂ ಅರವತ್ತೆರಡಾಗಿತ್ತು, ಸೊಂಟದ ಕೀಲು ಪೂರಾ ಸವೆದಿತ್ತು. ಮುಂದಿನ ತಿಂಗಳು ಆಪರೇಷನ್. ಆಮೇಲೆ ಮೂರು ತಿಂಗಳು ಭಾರ ಎತ್ತುವಂತಿಲ್ಲ. ಬೆಳಿಗ್ಗೆ ಸಂಜೆ ತಾಯಿಯನ್ನು ಎಬ್ಬಿಸಿ, ತೊಳೆದು, ಬಟ್ಟೆ ಹಾಕಲು ವಿಮೆಯ ಖರ್ಚಿನಲ್ಲಿ ಬೇರೆ ಯಾರಾದರೂ ಬರಬೇಕಾದರೆ ಇವತ್ತು ಈ ಹೆಂಗಸು 'ಈಕೆಗೆ ಕೈಲಾಗದು' ಎಂದು ಬರೆಯಬೇಕು. ಬರೆಯದಿದ್ದರೆ ಆಪರೇಷನ್ ಮೂರನೇ ಸಲ ಮುಂದಕ್ಕೆ ಹೋಗುತ್ತದೆ.

ಬಂದವಳ ಹೆಸರು ಕಾರ್ಸ್ಟೆನ್ಸ್. ಒಳ್ಳೆಯವಳೇ ಪಾಪ. ಆದರೆ ಉತ್ತರದ ಕಡಲ ಕಡೆಯವಳು, ಹೇಳಿದ್ದನ್ನು ಹೇಳಿದಂತೆಯೇ ನಂಬುವ ಪೈಕಿ. ದಕ್ಷಿಣದ ಈ ನಮ್ಮ ಶ್ವಾಬಿಯ ಸೀಮೆಯ ಮಂದಿಯನ್ನು ಹೇಗಿದ್ದೀರಿ ಎಂದು ಕೇಳಿದರೆ ಉತ್ತರ ಒಂದೇ: ನಡೀತದೆ. ಮಗಳ ಮದುವೆಯ ದಿನವೂ ನಡೀತದೆ, ಕ್ಯಾನ್ಸರ್ ಎಂದು ಗೊತ್ತಾದ ದಿನವೂ ನಡೀತದೆ. ಯಾವ 'ನಡೀತದೆ'ಗೆ ಏನರ್ಥ ಎಂಬುದು ಇಲ್ಲಿ ಹುಟ್ಟಿದವರಿಗೆ ದನಿಯಲ್ಲೇ ತಿಳಿಯುತ್ತದೆ. ಕಾರ್ಸ್ಟೆನ್ಸ್ ಅದನ್ನು ಕೇಳಿದ ಹಾಗೇ ಲ್ಯಾಪ್‌ಟಾಪಿಗೆ ಇಳಿಸಿದಳು.

ಸ್ನಾನ? ನಡೀತದೆ. ಬಟ್ಟೆ ಹಾಕಿಕೊಳ್ಳುವುದು? ಅದೇನು ಮಹಾ. ಮೆಟ್ಟಿಲು? ಹೊರಬಾಗಿಲಿಗೆ ನೇತುಹಾಕಿದ ಹಲಗೆ ನೋಡಿರಬೇಕಲ್ಲ, ಈ ವಾರ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ನಮ್ಮದು, ಗುಡಿಸಿ ಒರೆಸಿಯೂ ಆಯಿತು ಎಂದಳು ಹಿಲ್ಟ್ರುಡ್. ಆ ಮೆಟ್ಟಿಲನ್ನು ಅವಳು ಈಸ್ಟರ್‌ನಿಂದೀಚೆಗೆ ಕಣ್ಣಲ್ಲೂ ಕಂಡಿರಲಿಲ್ಲ. ಒರೆಸಿದ್ದು ರೋಸ್ವಿಟಾ, ನಿನ್ನೆ, ನಿಲ್ಲಲಾರದೆ ಕುಂಡೆಯ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಕೆಳಕ್ಕೆ ಜಾರುತ್ತ.

ನಿಮ್ಮ ವಯಸ್ಸಿನ ಬೇರೆಯವರಿಗಿಂತ ನೀವು ಎಷ್ಟು ಗಟ್ಟಿ ಅನಿಸುತ್ತದೆ ಎಂದು ಕೇಳಿದ್ದೇ ತಡ, ಮುದುಕಿಯ ಮುಖ ಅರಳಿತು.

"ಕೆಳಗಿನ ಮನೆ ಶಾಯ್ಫೆಲೆನ ನೋಡಿ. ನನಗಿಂತ ಏಳು ವರ್ಷ ಚಿಕ್ಕೋಳು. ಗಾಲಿಕುರ್ಚಿ ಬಿಟ್ಟು ಇಳಿಯೋದೇ ಇಲ್ಲ, ಸೋಂಬೇರಿ."

ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಏಳಲಾಗುತ್ತದೆಯೇ ಎಂದು ಕಾರ್ಸ್ಟೆನ್ಸ್ ಕೇಳಿದಳು. ಎಂಟು ತಿಂಗಳಿಂದ ಆಗಿರಲಿಲ್ಲ. ಹಿಲ್ಟ್ರುಡ್ ಎದ್ದಳು. ತುಟಿ ಬಿಳಿಚಿತು, ಕತ್ತಿನ ನರ ಉಬ್ಬಿತು, ಆದರೂ ಎದ್ದು ನಿಂತು, ಮೂರು ಎಣಿಸುವಷ್ಟು ಹೊತ್ತು ನಿಂತೇ ಇದ್ದು, ಆಮೇಲೆ ಕೂತಳು. ರೋಸ್ವಿಟಾಗೆ ತಾಯಿಯ ಕತ್ತು ಹಿಸುಕಬೇಕು ಅನಿಸಿತು. ಅದರ ಬೆನ್ನಿಗೇ ಎಂಥಾ ಹೆಂಗಸಪ್ಪಾ ಎಂದು ಹೆಮ್ಮೆಯೂ ಉಕ್ಕಿತು, ಆ ಹೆಮ್ಮೆಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇವತ್ತೊಂದಿನ ಹೀಗೆ," ಎಂದಳು ಕೊನೆಗೂ. "ದಿನಾ ಎತ್ತೋದು ನಾನು."

"ಎತ್ತೋಕೆ ನಾನೇನು ಆಲೂಗಡ್ಡೆ ಮೂಟೆನಾ?" ಎಂದಳು ತಾಯಿ.

ಈ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಕಾರ್ಸ್ಟೆನ್ಸ್‌ಗೂ ಅನುಮಾನ ಬಂತು. ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ ಮಗಳ ಕಡೆಗೆ ತಿರುಗಿದಳು.

"ನಿಮ್ಮ ವಿಷಯ ಹೇಳಿ. ಎತ್ತೋದು ಇಳಿಸೋದು ನಿಮ್ಮ ಕೈಲಿ ಆಗ್ತಿದೆಯಾ? ಇದ್ದದ್ದು ಇದ್ದ ಹಾಗೆ ಹೇಳಿ, ಅದನ್ನೂ ಬರೀತೀನಿ."

ಇದೇ ಪ್ರಶ್ನೆಗೆ ರೋಸ್ವಿಟಾ ಹದಿನೈದು ದಿನದಿಂದ ಉತ್ತರ ಜೋಡಿಸಿಟ್ಟುಕೊಂಡಿದ್ದಳು. ಬೆಳಿಗ್ಗೆ ತನ್ನ ಮನೆಯಿಂದ ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಕೂತು ಮತ್ತೆ ಬಾಯಿಪಾಠ ಮಾಡಿದ್ದಳು: ಆಗುತ್ತಿಲ್ಲ, ರಾತ್ರಿ ನೋವಿಗೆ ನಿದ್ದೆಯಿಲ್ಲ, ಹೋದ ವಾರ ಇಬ್ಬರೂ ಒಟ್ಟಿಗೇ ಬಿದ್ದೆವು. ಈಗ ಗುರುತು ಪರಿಚಯವಿಲ್ಲದ ಒಬ್ಬಳು ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದಳು. ರೋಸ್ವಿಟಾಳ ಬೆನ್ನು ತಾನೇ ತಾನಾಗಿ ನೆಟ್ಟಗಾಯಿತು.

"ನಡೀತದೆ," ಎಂದಳು.

ಕಾರ್ಸ್ಟೆನ್ಸ್‌ಗೆ ಸಮಾಧಾನವಾಯಿತು. ಬರೆದುಕೊಂಡಳು. ಇಂಥ ಗಟ್ಟಿ ಹೆಂಗಸರನ್ನು ಕಂಡರೆ ಖುಷಿಯಾಗುತ್ತದೆ ಎಂದಳು. ಏಳಬೇಡಿ, ಬಾಗಿಲು ನಾನೇ ಎಳೆದುಕೊಳ್ಳುತ್ತೇನೆ ಎಂದು ಹೊರಟೂಬಿಟ್ಟಳು.

ಕೆಳಗಿನ ದೊಡ್ಡ ಬಾಗಿಲು ಮುಚ್ಚಿಕೊಂಡ ಸದ್ದು ಕೇಳುವ ತನಕ ಹಿಲ್ಟ್ರುಡ್ ಅಲುಗಾಡಲಿಲ್ಲ. ಆಮೇಲೆ ಹೆಗಲು ಕುಸಿಯಿತು.

"ಬೇಗ ಬಾತ್‌ರೂಮಿಗೆ ಕರ್ಕೊಂಡು ಹೋಗೇ. ಇನ್ನು ತಡ್ಕೊಳ್ಳೋಕೆ ಆಗಲ್ಲ."

ಮಗಳು ಎರಡೂ ಅಂಗೈ ಮೇಜಿಗೆ ಊರಿ ಒತ್ತಿದಳು. ಉಸಿರು ಎಳೆದುಕೊಂಡು ಇನ್ನೊಮ್ಮೆ ಒತ್ತಿದಳು.

"ಇರಮ್ಮಾ," ಎಂದಳು. "ಮೊದ್ಲು ನಾನು ಏಳ್ಬೇಕಲ್ಲ."